ಶಾಸನ ಓದುವ ಹುಡುಗಿಗೆ ಡೈರಿ ಬರೆಯೋದು ಕಷ್ಟ

ನಮ್ಮ ಮಗಳು ಈಗ ತಾನೇ ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ಮೈಸೂರಿನಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸಲು ಕಷ್ಟವಾಗುವ ತೊಂದರೆ. ಅದರ ಜೊತೆ ಆತಂಕದ ತೊಂದರೆಯೂ ಇದೆ. ಬುದ್ಧಿಯಲ್ಲಿ ಮಾತ್ರ ತನ್ನ ವಯಸ್ಸಿನವರಿಗಿಂತ ತುಂಬಾ ಮುಂದೆ. ಈ ಮೂರೂ ಒಂದೇ ಮಗುವಿನಲ್ಲಿ ಇರಬಹುದು ಅಂತ ಶಾಲೆಯನ್ನು ಒಪ್ಪಿಸುವುದಕ್ಕೆ ವರ್ಷಗಳೇ ಹಿಡಿದವು. ಇಂಥ ಮಕ್ಕಳನ್ನು ಸಾಕುತ್ತಿರುವ ಅಪ್ಪ ಅಮ್ಮಂದಿರು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಕ್ಲಾಸಿನಲ್ಲಿ ಇದ್ದಾಗಲೇ ಎಲ್ಲಾ ಲಕ್ಷಣಗಳೂ ಇದ್ದವು. ನೀರಿನ ಬಾಟಲಿ, ಸ್ವೆಟರ್, ಕಂಪಾಸ್ ಬಾಕ್ಸ್ ಎಲ್ಲವೂ ಶಾಲೆಯಲ್ಲೇ ಉಳಿಯುತ್ತಿದ್ದವು. ಬೋರ್ಡಿನ ಮೇಲೆ ಬರೆದ ಹೋಂವರ್ಕ್ ಡೈರಿಗೆ ಅರ್ಧ ಮಾತ್ರ ಬರುತ್ತಿತ್ತು. ಲೆಕ್ಕ ಬಾಯಲ್ಲಿ ಹೇಳುತ್ತಿದ್ದಳು, ಬರೆಯುವಾಗ ನಡುವೆ ಒಂದು ಸಾಲು ಹಾರಿಹೋಗುತ್ತಿತ್ತು. ಆದರೆ ಕ್ಲಾಸಿನಲ್ಲಿ ಗಲಾಟೆ ಮಾಡಿದವಳಲ್ಲ. ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಿದ್ದಳು. ಐವತ್ತಕ್ಕೂ ಹೆಚ್ಚು ಮಕ್ಕಳಿರುವ ಕ್ಲಾಸಿನಲ್ಲಿ ಸುಮ್ಮನೆ ಕೂತ ಹುಡುಗಿಯ ಬಗ್ಗೆ ಯಾರೂ ಚಿಂತೆ ಮಾಡುವುದಿಲ್ಲ. ಹೆಣ್ಣುಮಕ್ಕಳಲ್ಲಿ ಎಡಿಎಚ್‌ಡಿ ತಡವಾಗಿ ಗೊತ್ತಾಗುವುದಕ್ಕೆ ಇದೇ ಒಂದು ದೊಡ್ಡ ಕಾರಣ. ಎದ್ದು ಓಡಾಡುವ ಹುಡುಗನನ್ನು ಟೀಚರ್ ಮೊದಲ ವಾರವೇ ಗುರುತಿಸುತ್ತಾರೆ.

ಅವಳ ಬುದ್ಧಿಯೂ ತೊಂದರೆಯನ್ನು ಮುಚ್ಚಿಡುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಸಲ ಓದಿದರೆ ಅರುವತ್ತು, ಎಪ್ಪತ್ತು ಮಾರ್ಕ್ಸ್ ಬರುತ್ತಿತ್ತು. ಪಾಸಾಗುವ ಮಗುವಿಗೆ ಏನು ತೊಂದರೆ ಇರುತ್ತೆ? ಪೇರೆಂಟ್ಸ್ ಮೀಟಿಂಗಿನಲ್ಲಿ ಪ್ರತಿ ವರ್ಷ ಒಂದೇ ಮಾತು. "ತುಂಬಾ ಜಾಣೆ ಸಾರ್, ಸ್ವಲ್ಪ ಸೋಮಾರಿತನ ಬಿಟ್ಟರೆ ಫಸ್ಟ್ ಬರ್ತಾಳೆ."

ಇಷ್ಟರಲ್ಲಿ ಸೋಮನಾಥಪುರ ಬಂತು. ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಊರಿಂದ ನೆಂಟರು ಬಂದಾಗ ಎಲ್ಲರೂ ಕರೆದುಕೊಂಡು ಹೋಗುವ ಜಾಗ. 1258ರ ಹೊಯ್ಸಳರ ಗುಡಿ. ಒಳಗೆ ಹೋಗುವ ಬಾಗಿಲಲ್ಲೇ ದೊಡ್ಡ ಶಾಸನದ ಕಲ್ಲು ನಿಂತಿದೆ. ಉಳಿದವರೆಲ್ಲಾ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅವಳು ಆ ಕಲ್ಲಿನ ಮುಂದೆ ನಿಂತು ಯಾವ ಅಕ್ಷರ ಈಗಿನ ಯಾವ ಅಕ್ಷರದ ಹಾಗೆ ಇದೆ ಅಂತ ಹುಡುಕತೊಡಗಿದಳು. ಅಲ್ಲಿನ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ, ಮಲ್ಲಿತಮ್ಮ ಅನ್ನುವ ಹೆಸರು ಜಾಸ್ತಿ ಸಿಗುತ್ತೆ ಅಂತ ಗೈಡ್ ಹೇಳಿದ್ದೇ ತಡ, ಆ ಮಧ್ಯಾಹ್ನವೆಲ್ಲಾ ಗುಡಿಯ ಸುತ್ತ ಸುತ್ತಿ ಮಲ್ಲಿತಮ್ಮನನ್ನು ಹುಡುಕಿದಳು. ಊಟ ಬೇಡ, ನೀರು ಬೇಡ. ಹತ್ತು ನಿಮಿಷ ಒಂದು ಕಡೆ ಕೂತು ಹೋಂವರ್ಕ್ ಮಾಡಲಾಗದ ಮಗು ಅದು.

ಅಲ್ಲಿಂದ ಶಾಸನದ ಹುಚ್ಚು ಹತ್ತಿತು. ನಮ್ಮ ಅಮ್ಮ ನಿವೃತ್ತ ಕನ್ನಡ ಮೇಷ್ಟ್ರು. ಅವರು ಹಳಗನ್ನಡದ ಪಾಠ ಶುರು ಮಾಡಿದರು. ಕರ್ನಾಟಕದ ಶಾಸನಗಳನ್ನು ಸೇರಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಅಜ್ಜಿ ಮೊಮ್ಮಗಳು ಸೇರಿ ಕಂಪ್ಯೂಟರಿನಲ್ಲಿ ತೆರೆದು ಕೂರುತ್ತಿದ್ದರು. ಈಗ ಬಳಕೆಯಲ್ಲಿ ಇಲ್ಲದ ೞ ಮತ್ತು ಱ ಅವಳಿಗೆ ತುಂಬಾ ಇಷ್ಟ. ಗಂಗರ ಕಾಲದ ಶಾಸನದಲ್ಲಿ ೞ ಇರುತ್ತೆ, ಆಮೇಲಾಮೇಲೆ ಅದು ಕಾಣೆಯಾಗುತ್ತೆ, ಱ ಮಾತ್ರ ಇನ್ನೂ ತುಂಬಾ ಕಾಲ ಉಳಿಯುತ್ತೆ. ಇದನ್ನು ಪುಸ್ತಕ ಹೇಳಿಕೊಡುವ ಮೊದಲೇ ಅವಳು ತಾನೇ ಕಂಡುಕೊಂಡು, "ಅಜ್ಜಿ, ಅಕ್ಷರ ನೋಡಿಯೇ ಕಲ್ಲಿನ ವಯಸ್ಸು ಹೇಳಬಹುದಾ?" ಅಂತ ಕೇಳಿದಳು. ಆಗ ಅವಳು ನಾಲ್ಕನೇ ಕ್ಲಾಸ್. ಅದೇ ವಾರ ಇಂಗ್ಲಿಷ್ ನೋಟ್ಸ್ ಪೂರ್ತಿ ಮಾಡಿಲ್ಲ ಅಂತ ಡೈರಿಯಲ್ಲಿ ಕೆಂಪು ಶಾಯಿಯ ಮಾತು ಬಂದಿತ್ತು.

ಕ್ಲಾಸ್ ಟೀಚರ್ ನಮಗೆ ಒಂದು ಸಲಹೆ ಕೊಟ್ಟರು. ಮಾರ್ಕ್ಸ್ ಸರಿಹೋಗುವವರೆಗೆ ಈ ಶಾಸನ ಗಿಸನ ನಿಲ್ಲಿಸಿ, ಆಮೇಲೆ ಬಹುಮಾನದ ಹಾಗೆ ಕೊಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇದೇ ಸಲಹೆಯನ್ನು ನೆಂಟರು, ಟ್ಯೂಷನ್ ಮೇಷ್ಟ್ರು, ಪಕ್ಕದ ಮನೆಯವರು ಕೂಡ ಕೊಟ್ಟರು. ನಾನೂ ನನ್ನ ಹೆಂಡತಿಯೂ ಒಪ್ಪಲಿಲ್ಲ. ಈ ಬರಹದಲ್ಲಿ ನಾನು ಗಟ್ಟಿಯಾಗಿ ಹೇಳಬೇಕಾದ ಮಾತು ಒಂದೇ ಇದ್ದರೆ ಅದು ಇದು: ಮಗು ಯಾವುದರಲ್ಲಿ ಗಟ್ಟಿಯೋ ಅದನ್ನು ಅಡವಿಟ್ಟು ಉಳಿದದ್ದನ್ನು ಸರಿಮಾಡಲು ಹೋಗಬೇಡಿ. ದಿನವಿಡೀ ಶಾಲೆಯಲ್ಲಿ ಬೈಸಿಕೊಂಡು ಬರುವ ಮಗುವಿಗೆ, ನಾನೂ ಏನೋ ಬಲ್ಲೆ ಅನ್ನಿಸುವ ಜಾಗ ಅದೊಂದೇ. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು?

ಐದನೇ ಕ್ಲಾಸಿನಲ್ಲಿ ಹೊಟ್ಟೆನೋವು ಶುರುವಾಯಿತು. ಸೋಮವಾರ ಬೆಳಿಗ್ಗೆ, ಟೆಸ್ಟ್ ಇರುವ ದಿನ ಬೆಳಿಗ್ಗೆ. ಭಾನುವಾರ ಇಲ್ಲ. ಮಕ್ಕಳ ಡಾಕ್ಟರು ಎಲ್ಲಾ ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ, ಆದರೆ ನೋವು ಸುಳ್ಳಲ್ಲ ಅಂದರು. ಆ ಮಾತಿಗೆ ಇವತ್ತಿಗೂ ಅವರಿಗೆ ಋಣಿ. ರಾತ್ರಿ ಮಲಗುವ ಮುಂಚೆ "ಅಪ್ಪಾ, ನಾಳೆಗೆ ಏನಾದ್ರೂ ಮರೆತಿದ್ದೀನಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದಳು. ಬ್ಯಾಗ್ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಮರೆಯುವ ಮಗುವಿಗೆ ಮರೆತುಬಿಡುತ್ತೇನೆ ಅನ್ನುವ ಭಯ ಬಂದರೆ ಎರಡೂ ಒಂದನ್ನೊಂದು ಬೆಳೆಸುತ್ತವೆ. ಮರೆತದ್ದಕ್ಕೆ ಬೈಗುಳ, ಬೈಗುಳಕ್ಕೆ ಭಯ, ಭಯದಲ್ಲಿ ತಲೆ ಇನ್ನೂ ಖಾಲಿ.

ಮಕ್ಕಳ ಡಾಕ್ಟರೇ ಮಾನಸಗಂಗೋತ್ರಿಯ ಪಕ್ಕದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಅಂದರು. ಅದು ಮಾತು ಮತ್ತು ಕಿವಿಯ ತೊಂದರೆಗೆ ಮಾತ್ರ ಅಂತ ಮೈಸೂರಿನ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ, ಮಕ್ಕಳ ಕಲಿಕೆ, ಗಮನ, ಬುದ್ಧಿಮತ್ತೆಯ ಪರೀಕ್ಷೆ ಮಾಡುತ್ತಾರೆ. ಚೀಟಿ ಮಾಡಿಸಿ ಕಾಯಬೇಕು. ಒಂದೇ ದಿನದಲ್ಲಿ ಮುಗಿಯುವ ಕೆಲಸ ಅಲ್ಲ.

ಎಡಿಎಚ್‌ಡಿ ಅನ್ನುವುದನ್ನು ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿ ಹೇಳಲು ಬರುವುದಿಲ್ಲ. ಲಕ್ಷಣಗಳು ಹನ್ನೆರಡು ವರ್ಷದ ಒಳಗೆ ಶುರುವಾಗಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಅದಕ್ಕೇ ನಮಗೊಂದು ಪ್ರಶ್ನಾವಳಿ, ಟೀಚರ್‌ಗೊಂದು ಪ್ರಶ್ನಾವಳಿ. ಕ್ಲಾಸ್ ಟೀಚರ್ ತುಂಬಿ ಕೊಟ್ಟ ಹಾಳೆಯಲ್ಲಿ ಬಹುತೇಕ ಎಲ್ಲದಕ್ಕೂ 'ಇಲ್ಲ' ಅಂತಲೇ ಇತ್ತು. ಗಲಾಟೆ ಇಲ್ಲ, ಜಗಳ ಇಲ್ಲ, ಎದ್ದು ಹೋಗುವುದಿಲ್ಲ. ನೋಡಿ ನಮಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಸೈಕಾಲಜಿಸ್ಟ್ ಮೇಡಂ ಮಾತ್ರ, "ಮುಂದಿನ ಸಲ ಅವಳ ಎಲ್ಲಾ ನೋಟ್‌ಬುಕ್ ತನ್ನಿ" ಅಂದರು. ತಂದೆವು. ಅವರು ಒಂದೊಂದೇ ಪುಟ ತಿರುಗಿಸಿದರು. ಮೊದಲ ನಾಲ್ಕು ಸಾಲು ಮುತ್ತಿನ ಅಕ್ಷರ, ಆಮೇಲೆ ಅಕ್ಷರ ಇಳಿಜಾರು, ಆಮೇಲೆ ಖಾಲಿ, ಅಂಚಿನಲ್ಲಿ ೞ ೞ ೞ. ಟೀಚರ್‌ಗೆ ಕಾಣದ್ದನ್ನು ನೋಟ್‌ಬುಕ್ ತೋರಿಸಿತು. ನೀವು ಪರೀಕ್ಷೆಗೆ ಹೋಗುವುದಾದರೆ ಹಳೆಯ ನೋಟ್‌ಬುಕ್, ಡೈರಿ, ಮಾರ್ಕ್ಸ್ ಕಾರ್ಡ್ ಎಲ್ಲಾ ಎತ್ತಿಟ್ಟುಕೊಳ್ಳಿ. ರದ್ದಿಗೆ ಹಾಕಬೇಡಿ.

ಬುದ್ಧಿಮತ್ತೆಗೆ ಮ್ಯಾಲಿನ್ ಪರೀಕ್ಷೆ ಮಾಡಿದರು. "ಇದು ಅಮೆರಿಕದ ಮಕ್ಕಳಿಗೆ ಮಾಡಿದ್ದಲ್ವಾ, ನಮ್ಮ ಮಕ್ಕಳಿಗೆ ಹೊಂದುತ್ತಾ?" ಅಂತ ಅಮ್ಮ ಕೇಳಿದರು. ಅಲ್ಲಿನ ವೆಕ್ಸ್ಲರ್ ಪರೀಕ್ಷೆಯನ್ನೇ ನಾಗಪುರದಲ್ಲಿ ಭಾರತದ ಮಕ್ಕಳಿಗೆ ಹೊಂದಿಸಿದ್ದು ಇದು ಅಂತ ಮೇಡಂ ಹೇಳಿದರು. ಜೊತೆಗೆ, ಬೀನೆ-ಕಾಮತ್ ಅಂತ ಇನ್ನೊಂದಿದೆ, ಅದನ್ನು ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳ ಮೇಲೆಯೇ ಪರೀಕ್ಷಿಸಿ ಸಿದ್ಧಪಡಿಸಿದ್ದರು ಅಂತಲೂ ಸೇರಿಸಿದರು. ಅಮ್ಮನಿಗೆ ಸಮಾಧಾನವಾಯಿತು.

ಫಲಿತಾಂಶದಲ್ಲಿ ಒಟ್ಟು ಅಂಕಿ ಮುಖ್ಯವಲ್ಲ, ಒಳಗಿನ ಏರಿಳಿತ ನೋಡಿ ಅಂದರು. ಪದಸಂಪತ್ತು, ಎರಡು ವಿಷಯಗಳ ನಡುವಿನ ಸಂಬಂಧ ಹೇಳುವುದು, ಇದರಲ್ಲೆಲ್ಲಾ ತನಗಿಂತ ತುಂಬಾ ದೊಡ್ಡ ಮಕ್ಕಳ ಮಟ್ಟ. ಹೇಳಿದ ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡು ಉಲ್ಟಾ ಹೇಳುವುದು, ನೋಡಿಕೊಂಡು ಬೇಗ ಬೇಗ ಗುರುತು ಬರೆಯುವುದು, ಇವು ಸರಾಸರಿಗಿಂತ ಕೆಳಗೆ. ಶಾಲೆಯಲ್ಲಿ ದಿನವಿಡೀ ನಡೆಯುವುದು ಏನು? ಹೇಳಿದ್ದನ್ನು ನೆನಪಿಟ್ಟುಕೊಂಡು ಬೋರ್ಡ್ ನೋಡಿ ಬೇಗ ಬರೆಯುವುದು! "ಅವಳ ಹತ್ತಿರ ಗಮನ ಇದೆ. ಬೇಕಾದಾಗ ಬೇಕಾದ ಕಡೆ ತಿರುಗಿಸೋದು ಕಷ್ಟ. ಸೋಮನಾಥಪುರದಲ್ಲಿ ಅದು ತಾನಾಗಿಯೇ ತಿರುಗಿತು" ಅಂದರು ಮೇಡಂ. ವರದಿಯಲ್ಲಿ ಎಡಿಎಚ್‌ಡಿ, ಗಮನದ ಕೊರತೆ ಮುಖ್ಯವಾಗಿರುವ ಬಗೆ ಅಂತಲೂ, ಆತಂಕದ ಬಗ್ಗೆಯೂ ಬರೆದಿದ್ದರು. ಕಲಿಕಾ ನ್ಯೂನತೆ, ಅಂದರೆ ಓದು, ಬರಹ, ಲೆಕ್ಕ ಕಲಿಯುವುದರಲ್ಲೇ ಇರುವ ತೊಂದರೆ, ಇಲ್ಲ. ಮನೆತನದಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದಾಗ ನಮ್ಮ ಅಮ್ಮ ನನ್ನ ಚಿಕ್ಕಪ್ಪನ ಕಥೆ ಹೇಳತೊಡಗಿದರು. ಊರಿಗೇ ಬುದ್ಧಿವಂತ, ಒಂದು ಕೆಲಸದಲ್ಲೂ ನಿಲ್ಲಲಿಲ್ಲ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವುದು ಹೆಚ್ಚು. ಅವರ ಕಾಲದಲ್ಲಿ ಯಾರಾದರೂ ಗುರುತಿಸಿದ್ದರೆ ಅನ್ನಿಸಿ ಅವತ್ತು ತುಂಬಾ ಸಂಕಟವಾಯಿತು.

ಇನ್ನು ಶಾಲೆ. ಹಲವು ಪುಟಗಳ ವರದಿಯನ್ನು ಶಾಲೆಗೆ ಕೊಟ್ಟರೆ ಅದು ಬೀರು ಸೇರುತ್ತದೆ. ಟೀಚರ್‌ಗಳಿಗೆ ಓದಲು ಪುರುಸೊತ್ತು ಇರುವುದಿಲ್ಲ, ತಪ್ಪು ಅವರದ್ದೂ ಅಲ್ಲ. ಅದಕ್ಕೆ ಮೇಡಂ ಸಹಾಯದಿಂದ ಒಂದೇ ಪುಟದ ಪತ್ರ ತಯಾರಿಸಿದೆವು. 'ಪ್ರೋತ್ಸಾಹ ಕೊಡಿ', 'ಅರ್ಥಮಾಡಿಕೊಳ್ಳಿ' ಅನ್ನುವ ಒಂದು ಮಾತೂ ಅದರಲ್ಲಿ ಇರಲಿಲ್ಲ. ನಾಳೆ ಬೆಳಿಗ್ಗೆಯೇ ಮಾಡಬಹುದಾದದ್ದು ಮಾತ್ರ. ಕಿಟಕಿಯಿಂದ ದೂರ, ಎರಡನೇ ಸಾಲಿನಲ್ಲಿ ಕೂರಿಸಿ. ಡೈರಿಯನ್ನು ಪಕ್ಕದ ಹುಡುಗಿ ಒಮ್ಮೆ ನೋಡಲಿ. ಇದ್ದಕ್ಕಿದ್ದಂತೆ ಎಬ್ಬಿಸಿ ಪ್ರಶ್ನೆ ಕೇಳಬೇಡಿ, ಕೇಳುವ ಮುಂಚೆ ಒಂದು ಸನ್ನೆ ಮಾಡಿ. ಟೆಸ್ಟಿನಲ್ಲಿ ಬೇಕಾದರೆ ಹೆಚ್ಚಿನ ಕಾಲು ಗಂಟೆ ಲೈಬ್ರರಿಯಲ್ಲಿ ಕೂತು ಮುಗಿಸಲಿ. ಒಂದೇ ಬಗೆಯ ಹತ್ತು ಲೆಕ್ಕ ಇದ್ದರೆ ಕೊನೆಯ ಮೂರು ಕಷ್ಟದ ಲೆಕ್ಕ ಮೊದಲು ಕೊಡಿ, ಅವು ಸರಿಬಂದರೆ ಉಳಿದ ಏಳು ಬೇಡ. ನೋಟ್ಸ್ ಪೂರ್ತಿಯಾಗಿಲ್ಲ ಅಂತ ಆಟದ ಪೀರಿಯಡ್, ಲೈಬ್ರರಿ ಪೀರಿಯಡ್ ಕಿತ್ತುಕೊಳ್ಳಬೇಡಿ.

ಕೊನೆಯ ಎರಡಕ್ಕೆ ಜಾಸ್ತಿ ಚರ್ಚೆ ನಡೆಯಿತು. "ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ ಸಾರ್" ಅಂತ ಲೆಕ್ಕದ ಮೇಷ್ಟ್ರು. "ಮೂರು ಕಷ್ಟದ ಲೆಕ್ಕ ಮೊದಲು ಮಾಡ್ತೀವಿ ಅಂತ ಎಲ್ಲರೂ ಕೇಳಿದ್ರೆ ಒಳ್ಳೇದೇ ಅಲ್ವಾ?" ಅಂತ ನನ್ನ ಹೆಂಡತಿ ಕೇಳಿದಳು. ಹೆಡ್ ಮಿಸ್ ನಕ್ಕರು. ಒಂದು ಟರ್ಮ್ ಮಾಡಿ ನೋಡೋಣ ಅಂದರು. ಕಾಯಂ ಬೇಡ, ಒಂದು ಟರ್ಮ್ ಸಾಕು ಅಂತ ಕೇಳುವುದು ಒಳ್ಳೆಯದು. ಅದಕ್ಕೆ ಒಪ್ಪುವುದು ಶಾಲೆಗೂ ಸುಲಭ. ಟರ್ಮ್ ಮುಗಿಯುವ ಹೊತ್ತಿಗೆ ಲೆಕ್ಕದಲ್ಲಿ ಅವಳ ಹೋಂವರ್ಕ್ ಪ್ರತಿದಿನ ಪೂರ್ತಿಯಾಗುತ್ತಿತ್ತು. ಮೇಷ್ಟ್ರೇ ಬಂದು ಹೇಳಿದರು. ಆಮೇಲೆ ಪ್ರತಿ ಜೂನ್‌ನಲ್ಲಿ ಹೊಸ ಕ್ಲಾಸ್ ಟೀಚರ್‌ಗೆ ಹೊಸ ಪತ್ರ. ಹಳೆಯ ಟೀಚರ್ ಹೇಳಿರುತ್ತಾರೆ ಅಂತ ಕಾಯಲಿಲ್ಲ.

ಇಷ್ಟಾದರೂ ಆತಂಕ ಕಡಿಮೆಯಾಗಲಿಲ್ಲ. ಆರನೇ ಕ್ಲಾಸಿನ ನಡುವೆ ಒಂದು ದಿನ, ತುಂಬಾ ಮಕ್ಕಳ ಮುಂದೆ ಅವಳ ಖಾಲಿ ನೋಟ್‌ಬುಕ್ ಎತ್ತಿ ತೋರಿಸಿದರು ಒಬ್ಬರು. ಮಾರನೇ ದಿನದಿಂದ ಶಾಲೆಗೆ ಹೋಗಲು ಆಗಲಿಲ್ಲ. ಹೋಗುವುದಿಲ್ಲ ಅಂತ ಹಟ ಹಿಡಿದವಳಲ್ಲ. ಯೂನಿಫಾರ್ಮ್ ಹಾಕಿ, ಶೂ ಹಾಕಿ, ಬಾಗಿಲ ಹತ್ತಿರ ಬಂದಾಗ ಕೈ ನಡುಗಿ ವಾಂತಿ.

ಆಗ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೇ ಬೇರೆ ವಿಭಾಗ ಇದೆ. ಬೆಳಗಿನ ರೈಲು ಹಿಡಿದು ಹೋಗಿ, ಕಾದು, ಎಲ್ಲಾ ಹೇಳಿದೆವು. ಡಾಕ್ಟರು ಮೊದಲು ಕೇಳಿದ್ದು ಅವಳನ್ನೇ. ನಾವು ಹೊರಗೆ ಕೂತಿದ್ದೆವು. ಆತಂಕಕ್ಕೆ ಥೆರಪಿಯನ್ನು ಮೈಸೂರಿನಲ್ಲೇ ಮಾಡಿಸಿ, ಔಷಧಿಯ ವಿಷಯ ನಾವು ನೋಡಿಕೊಳ್ಳುತ್ತೇವೆ ಅಂದರು.

ಥೆರಪಿಯಲ್ಲಿ ನಮಗೆ ಕಷ್ಟವೆನಿಸಿದ್ದು ಧೈರ್ಯ ಹೇಳುವುದನ್ನು ಕಡಿಮೆ ಮಾಡಬೇಕಾದದ್ದು. ಮಗು ಕೇಳಿದಾಗಲೆಲ್ಲಾ "ಏನೂ ಆಗಲ್ಲ ಪುಟ್ಟಾ" ಅನ್ನುವುದು ಅಪ್ಪ ಅಮ್ಮನ ಸಹಜ ಗುಣ. ಆದರೆ ಹತ್ತು ಸಲ ಹೇಳಿದರೆ ಹನ್ನೊಂದನೇ ಸಲವೂ ಬೇಕಾಗುತ್ತದೆ. ಅದಕ್ಕೆ ಬ್ಯಾಗಿನ ಪಟ್ಟಿಯನ್ನು ಅವಳ ಕೈಯಲ್ಲೇ ಬರೆಸಿ ಬಾಗಿಲ ಹಿಂದೆ ಅಂಟಿಸಿದೆವು. ರಾತ್ರಿ ಒಂದು ಸಲ ಜೊತೆಗೆ ನೋಡುವುದು. ಆಮೇಲೆ ಕೇಳಿದರೆ "ಪಟ್ಟಿ ಏನು ಹೇಳುತ್ತೆ?" ಅಂತ ಮಾತ್ರ. ಮೊದಲ ವಾರ ಅವಳು ಅಳುತ್ತಿದ್ದಳು. ಅಮ್ಮ ತಾಳಲಾರದೆ ಪೂಜೆ ಕೋಣೆಗೆ ಹೋಗಿ ಕೂರುತ್ತಿದ್ದರು.

ಶಾಲೆಗೆ ಮರಳಿದ್ದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಶಾಲೆ ಬಿಟ್ಟ ಮೇಲೆ ಗೇಟಿನವರೆಗೆ ಹೋಗಿ ಬರುವುದು. ಆಮೇಲೆ ಲೈಬ್ರರಿಯಲ್ಲಿ ಒಂದು ಗಂಟೆ. ಆಮೇಲೆ ಕನ್ನಡ ಪೀರಿಯಡ್ ಮಾತ್ರ, ಯಾಕೆಂದರೆ ಕನ್ನಡ ಮಿಸ್ ಹತ್ತಿರ ಅವಳಿಗೆ ಭಯವಿಲ್ಲ. ಹೀಗೆ ಬೆಳೆಸುತ್ತಾ ಹೋಗುವುದು. ಒಂದು ಮೆಟ್ಟಿಲಿನಲ್ಲಿ ಭಯ ಇಳಿಯುವವರೆಗೆ ಅಲ್ಲೇ ಇರಬೇಕು, ಭಯ ತುದಿಯಲ್ಲಿದ್ದಾಗ ಮನೆಗೆ ಕರೆದುಕೊಂಡು ಬರಬಾರದು ಅಂತ ಥೆರಪಿಸ್ಟ್ ಹೇಳಿದ್ದರು. ಓಡಿ ಬಂದರೆ ಮನಸ್ಸು ಓಡುವುದನ್ನೇ ಕಲಿಯುತ್ತದೆ. ಆ ದಿನಗಳಲ್ಲಿ ನಾನು ಬ್ಯಾಂಕಿಗೆ ತಡವಾಗಿ ಹೋಗುತ್ತಿದ್ದೆ. ಮ್ಯಾನೇಜರ್ ಏನೂ ಕೇಳದೆ ಸಹಿ ಹಾಕುತ್ತಿದ್ದರು.

ಶಾಲೆಗೆ ಹೋಗದ ಆ ತಿಂಗಳುಗಳಲ್ಲೂ ಶಾಸನದ ಪಾಠ ನಿಲ್ಲಲಿಲ್ಲ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಹಾಗಾಗಿ ಶಾಸನ ಓದಬಲ್ಲ ಹಿರಿಯರು ಈ ಊರಲ್ಲಿ ಸಿಗುತ್ತಾರೆ. ಅಮ್ಮನ ಪರಿಚಯದ ನಿವೃತ್ತರೊಬ್ಬರು ಭಾನುವಾರ ಬೆಳಿಗ್ಗೆ ಅವಳಿಗೆ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ಹಿತ್ತಲಲ್ಲಿ ಅಭ್ಯಾಸಕ್ಕೆ ಅಂತಲೇ ಅಕ್ಷರ ಕೆತ್ತಿಸಿಟ್ಟ ಒಂದು ಕಲ್ಲು. ಅದನ್ನು ತೊಳೆಯಬೇಕು, ಒದ್ದೆ ಕಾಗದ ಹಾಸಬೇಕು, ಅಕ್ಷರದ ಗುಂಡಿಗೆ ಕಾಗದ ಇಳಿಯುವ ಹಾಗೆ ಬ್ರಷ್‌ನಿಂದ ಬಡಿಯಬೇಕು, ಹದವಾಗಿ ಒಣಗಿದ ಮೇಲೆ ಮಸಿ ಒತ್ತಬೇಕು. ಆತುರಪಟ್ಟರೆ ಕಾಗದ ಹರಿಯುತ್ತದೆ. ಹರಿಯಿತು ಕೂಡ, ಎಷ್ಟೋ ಸಲ. ಅವರು ಬೈಯದೆ ಇನ್ನೊಂದು ಹಾಳೆ ಕೊಡುತ್ತಿದ್ದರು. ತಪ್ಪಾದರೆ ಇನ್ನೊಂದು ಹಾಳೆ ಇರುತ್ತದೆ ಅನ್ನುವುದನ್ನು ಅವಳು ಕಲಿತದ್ದು ಆ ಹಿತ್ತಲಲ್ಲಿ.

ಔಷಧಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಚಿಕ್ಕ ಪ್ರಮಾಣದಲ್ಲಿ ಶುರು ಮಾಡಿದರು. ಆತಂಕ ಇರುವ ಮಗು ಆದ್ದರಿಂದ ನಿಧಾನವಾಗಿ, ಗಮನಿಸುತ್ತಾ. ಸಾಮಾನ್ಯ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವುದು ಹೆಚ್ಚು ಹೊತ್ತು. ಹಸಿವು ಕಡಿಮೆಯಾಗುತ್ತದೆ. ಟಿಫಿನ್ ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಅದಕ್ಕೆ ಬೆಳಿಗ್ಗೆ ಮಾತ್ರೆಗೆ ಮೊದಲೇ ತುಪ್ಪ ಹಾಕಿ ಅಕ್ಕಿ ರೊಟ್ಟಿ, ಸಂಜೆ ಹಸಿವು ಮರಳಿದಾಗ ಇನ್ನೊಂದು ಸರಿಯಾದ ಊಟ. ತೂಕ, ಎತ್ತರ, ರಕ್ತದೊತ್ತಡ ಪ್ರತಿ ಭೇಟಿಯಲ್ಲೂ ನೋಡುತ್ತಾರೆ. ಈ ಮಾತ್ರೆ ಎಲ್ಲಾ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಡಾಕ್ಟರ ಮೂಲ ಚೀಟಿ ಇಲ್ಲದೆ ಕೊಡುವುದಿಲ್ಲ. ಮುಗಿಯುವ ವಾರ ಮೊದಲೇ ಹುಡುಕಲು ಹೊರಡಬೇಕು. ಮಗುವಿಗೆ ಯಾಕೆ ತಲೆಯ ಮಾತ್ರೆ ಅಂತ ಕೇಳಿದ ನೆಂಟರಿಗೆ, ಅವಳಿಗೆ ಕನ್ನಡಕ ಹಾಕಿಸಿದಾಗ ನೀವು ಕೇಳಲಿಲ್ಲವಲ್ಲ ಅಂದೆ. ಶುರುವಾದ ಕೆಲವು ದಿನಕ್ಕೆ ಅವಳು ಮನೆಗೆ ಬಂದು, "ಅಪ್ಪಾ, ಇವತ್ತು ಮಿಸ್ ಹೇಳಿದ್ದು ಕೊನೇತನಕ ಕೇಳಿಸ್ತು" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಏಳನೇ ಕ್ಲಾಸಿನಲ್ಲಿ ಒಂದು ವರ್ಷ ಹಾರಿಸಿ ಒಂಬತ್ತಕ್ಕೆ ಹಾಕೋಣವೇ ಅನ್ನುವ ಮಾತು ಬಂತು. ಬುದ್ಧಿಗೆ ಅದು ಸರಿ. ಆದರೆ ಅದೇ ಮಗು ಪೆನ್ಸಿಲ್ ಮುರಿದದ್ದಕ್ಕೆ ತನಗಿಂತ ಚಿಕ್ಕ ಮಗುವಿನ ಹಾಗೆ ಅಳುತ್ತದೆ. ಇಂಥ ಮಕ್ಕಳಲ್ಲಿ ತಲೆ ಒಂದು ವೇಗ, ಮನಸ್ಸು ಇನ್ನೊಂದು ವೇಗ. ನಾವು ಬೇಡ ಅಂದೆವು. ಬದಲಿಗೆ ಕನ್ನಡ ಮಿಸ್ ವಾರಕ್ಕೊಂದು ಪೀರಿಯಡ್ ಅವಳಿಗೆ ಹಳಗನ್ನಡ ಓದಲು ಬಿಟ್ಟರು. ವರ್ಷದ ಕೊನೆಗೆ ಹತ್ತನೇ ಕ್ಲಾಸಿನವರಿಗೆ ಶಾಸನ ಹೇಗೆ ಓದುವುದು ಅಂತ ಅವಳಿಂದಲೇ ಹೇಳಿಸಿದರು. ಮೊದಲು ಸ್ಟಾಫ್ ರೂಮಿನಲ್ಲಿ ಇಬ್ಬರ ಮುಂದೆ, ಆಮೇಲೆ ಐದು ಮಕ್ಕಳ ಮುಂದೆ, ಆಮೇಲೆ ಪೂರ್ತಿ ಕ್ಲಾಸಿನ ಮುಂದೆ. ಥೆರಪಿಯ ಮೆಟ್ಟಿಲೂ ಅದೇ, ಅವಳ ಇಷ್ಟದ ವಿಷಯವೂ ಅದೇ. ಪಡಿಯಚ್ಚು ಹಿಡಿದು ನಿಂತವಳು ಪೀರಿಯಡ್ ಬೆಲ್ ಹೊಡೆದರೂ ನಿಲ್ಲಿಸಲಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಪ್ರತಿಭಾವಂತ ಮಕ್ಕಳಿಗಾಗಿ ಕೆಲಸ ಮಾಡಿದೆ. ಆದರೆ ಹೆಚ್ಚಿನ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಅಂತ ಯಾವ ವ್ಯವಸ್ಥೆಯೂ ಇಲ್ಲ. ಸಿಗುವುದು ಒಬ್ಬ ಒಳ್ಳೆಯ ಟೀಚರ್. ಸಿಕ್ಕರೆ ಬಿಡಬೇಡಿ.

ಈಗ ಮುಂದಿರುವುದು ಎಸ್ಎಸ್ಎಲ್‌ಸಿ. ಇಲ್ಲಿ ಒಂದು ತೊಡಕಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಹೆಸರು ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಶಾಲೆಯೊಳಗಿನ ಟೆಸ್ಟಿಗೆ ಹೆಡ್ ಮಿಸ್ ಒಪ್ಪಿದರೆ ಸಾಕಿತ್ತು, ಬೋರ್ಡ್ ಪರೀಕ್ಷೆಯಲ್ಲಿ ಅದೇ ಹೆಚ್ಚಿನ ಸಮಯ ಸಿಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಮಗುವಿಗೆ ಕಲಿಕಾ ನ್ಯೂನತೆಯೂ ಇದ್ದರೆ ದಾರಿ ಬೇರೆ, ಅದಕ್ಕೇ ಎರಡನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಾನೂನು ಬದಲಾಗಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯವರೆಗೆ ಅವಳು ಒಂಬತ್ತನೇ ಕ್ಲಾಸಿನಿಂದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯುತ್ತಿದ್ದಾಳೆ. ಮೊದಲು ಅರ್ಧ ಗಂಟೆ, ಈಗ ಪೂರ್ತಿ ಪತ್ರಿಕೆ. ಕಷ್ಟದ ಪ್ರಶ್ನೆ ಮೊದಲು, ಪುಟ ತಿರುಗಿಸುವಾಗ ಪ್ರಶ್ನೆ ಸಂಖ್ಯೆ ಬೆರಳಿಟ್ಟು ನೋಡುವುದು, ಕೊನೆಯ ಹತ್ತು ನಿಮಿಷ ಬಿಟ್ಟದ್ದನ್ನು ಹುಡುಕಲು ಮಾತ್ರ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಈ ವರ್ಷದ ಪತ್ರವನ್ನು ಅವಳೇ ಬರೆದಳು. ನನ್ನ ಹಳೆಯ ಪತ್ರದಲ್ಲಿದ್ದ ಡೈರಿಯ ಸಾಲನ್ನು ಹೊಡೆದುಹಾಕಿದಳು, ಅದನ್ನು ಈಗ ತಾನೇ ನೋಡಿಕೊಳ್ಳುತ್ತಾಳಂತೆ. ಹೊಸದಾಗಿ ಒಂದು ಸಾಲು ಸೇರಿಸಿದ್ದಾಳೆ: "ನಾನು ಉತ್ತರ ಹೇಳಲು ತಡ ಮಾಡಿದರೆ ಬೇರೆಯವರನ್ನು ಕೇಳಬೇಡಿ, ಸ್ವಲ್ಪ ಕಾಯಿರಿ, ನನಗೆ ಗೊತ್ತಿರುತ್ತದೆ." ಶಾಲೆ ಶುರುವಾದ ಮೇಲೆ ಹತ್ತನೇ ಕ್ಲಾಸಿನ ಟೀಚರ್ ಹತ್ತಿರ ಅವಳೇ ಹೋಗಿ ಕೊಡುತ್ತಾಳೆ. ಬಾಗಿಲವರೆಗೆ ಅಪ್ಪ ಬರಲಿ, ಒಳಗೆ ಬೇಡ ಅಂದಿದ್ದಾಳೆ.